ದೀಪಸ್ತಂಭದ ಬುಡದಲ್ಲಿ ಒಂದು ಮಾತಿನ ಪಾಠ

ಉದ್ದೇಶ: ಸ್ಥಳವೊಂದನ್ನು ಕೇಳುಗರಿಗೆ ತಕ್ಕಂತೆ ಕನ್ನಡದಲ್ಲಿ ವಿವರಿಸುವ ಸಾಮರ್ಥ್ಯವನ್ನು ಬೆಳೆಸುವುದು.

ಪೀಠಿಕೆ: ಗೋವೆಯ ಕನ್ನಡ ಶಾಲೆಗಳ ಅನೇಕ ಮಕ್ಕಳು ಕನ್ನಡವನ್ನು ಮನೆ ಮತ್ತು ತರಗತಿಗಳಿಗಷ್ಟೇ ಸಲ್ಲುವ ನುಡಿಯೆಂದು ಭಾವಿಸಿರುತ್ತಾರೆ. ಆದರೆ ಅಗುವಾಡ ಕೋಟೆಯನ್ನು ನೋಡಬರುವವರಲ್ಲಿ ಕನ್ನಡಿಗರೂ ಇರುತ್ತಾರೆ. ಅವರಿಗೆ ಅಲ್ಲಿಯ ಹಳೆಯ ದೀಪಸ್ತಂಭವನ್ನು ಪರಿಚಯಿಸುವ ಸ್ವಯಂಸೇವಕ ಮಾರ್ಗದರ್ಶಿಯ ಪಾತ್ರವನ್ನು ವಿದ್ಯಾರ್ಥಿಗೆ ವಹಿಸಿದಾಗ, ತನ್ನ ನುಡಿಗೆ ಬೀದಿಯಲ್ಲಿಯೂ ಬೆಲೆಯುಂಟೆಂಬುದು ಅವನಿಗೆ ಮನವರಿಕೆಯಾಗುತ್ತದೆ.

ವಿಷಯ ಸಾಮಗ್ರಿ: ಪೋರ್ಚುಗೀಸರು ಈ ಕೋಟೆಯನ್ನು 1612ರಲ್ಲಿ ಕಟ್ಟಿ ಮುಗಿಸಿದರು. ದೂರದಿಂದ ಬಂದ ಹಡಗುಗಳು ಇಲ್ಲಿ ಸಿಹಿನೀರನ್ನು ತುಂಬಿಕೊಳ್ಳುತ್ತಿದ್ದವು. ‘ಅಗುವಾಡ’ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ದೀಪಸ್ತಂಭವು 1864ರದು, 1976ರವರೆಗೆ ಬೆಳಗಿತು. ಭೂಮಿಯು ಗೋಳಾಕಾರವಾದುದರಿಂದ ದೀಪವು ಎತ್ತರದಲ್ಲಿದ್ದಷ್ಟೂ ದೂರದ ನಾವಿಕನಿಗೆ ಕಾಣುತ್ತದೆ. ಒಂದೊಂದು ದೀಪಸ್ತಂಭದ ಮಿನುಗಿಗೂ ನಿಗದಿತ ಲಯವಿರುತ್ತದೆ. ಅದನ್ನೆಣಿಸಿ ನಾವಿಕನು ತೀರವನ್ನು ಗುರುತಿಸುತ್ತಾನೆ.

ಚಟುವಟಿಕೆ: ಮೂವರು ವಿದ್ಯಾರ್ಥಿಗಳು ಇದೇ ವಿಷಯವನ್ನು ಕ್ರಮವಾಗಿ ಪುಟ್ಟ ಬಾಲಕನಿಗೆ, ಸಮುದ್ರವನ್ನೇ ಕಾಣದ ಬಯಲುಸೀಮೆಯ ವೃದ್ಧ ರೈತನಿಗೆ, ವಿಜ್ಞಾನ ಶಿಕ್ಷಕರಿಗೆ ವಿವರಿಸಲಿ. ಕೇಳುಗರ ಪಾತ್ರವನ್ನು ಸಹಪಾಠಿಗಳು ವಹಿಸಲಿ. ಪದಗಳು ಎಲ್ಲೆಲ್ಲಿ ಬದಲಾದವೆಂಬುದನ್ನು ಉಳಿದವರು ಬರೆದುಕೊಳ್ಳಲಿ.

ಮೌಲ್ಯಮಾಪನ: ಇಸವಿಗಳನ್ನು ತಪ್ಪಿಲ್ಲದೆ ಒಪ್ಪಿಸುವುದೇ ಸಾಧನೆಯಲ್ಲ. ಮಾತಿನ ನಡುವೆ, “ಒಂದು ರಾತ್ರಿ ಈ ದೀಪ ಆರಿಹೋಗಿದ್ದರೆ?” ಎಂದು ಕೇಳಿರಿ. ಕಂಠಪಾಠ ಮಾಡಿದವನು ಅಲ್ಲಿ ನಿಲ್ಲುತ್ತಾನೆ. ಅರಿತವನು ಕತ್ತಲನ್ನೂ ಬಂಡೆಯನ್ನೂ ಹಡಗನ್ನೂ ತನ್ನ ಮಾತಿನಲ್ಲಿ ಕಟ್ಟಿಕೊಡುತ್ತಾನೆ. ಆ ವಾಕ್ಯಗಳು ತೊದಲಿದರೂ ತಡೆಯದಿರಿ. ತಿದ್ದುಪಡಿಯು ಅನಂತರದ ಕೆಲಸ.