ಇಲಿಯ ಜೀರ್ಣಕ್ರಿಯೆ ಮತ್ತು ತೆಂಗಿನಲ್ಲಿ ಅದರ ಹತೋಟಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರಿಗೆ ಇಲಿಯಿಂದ ಎರಡು ಕಡೆ ನಷ್ಟ. ಮರದ ತುದಿಯಲ್ಲಿ ಗೂಡು ಮಾಡಿದ ಇಲಿ ಎಳೆಗಾಯಿಗಳ ತೊಟ್ಟಿನ ಬಳಿ ತೂತು ಕೊರೆಯುತ್ತದೆ. ಅಂಥ ಕಾಯಿ ಉದುರುತ್ತದೆ. ಉಂಡೆ ಕೊಬ್ಬರಿಗಾಗಿ 8ರಿಂದ 12 ತಿಂಗಳು ಅಟ್ಟದಲ್ಲಿ ಕೂಡಿಟ್ಟ ಕಾಯಿಯನ್ನೂ ಅದು ಬಿಡುವುದಿಲ್ಲ. ತೂತು ಬಿದ್ದ ಕಾಯಿ ಒಳ್ಳೆಯ ಉಂಡೆಯಾಗಿ ಮಾರುಕಟ್ಟೆ ಸೇರುವಂತಿಲ್ಲ. ಪಾಷಾಣವಿಟ್ಟರೂ ಇಲಿ ಕಡಿಮೆಯಾಗಲಿಲ್ಲವೆಂಬ ಮಾತು ಸಾಮಾನ್ಯ. ಇದಕ್ಕೆ ಮುಖ್ಯ ಕಾರಣ ಇಲಿಯ ಹೊಟ್ಟೆಯಲ್ಲಿಯೇ ಇದೆ.

ಜಠರ ಮತ್ತು ಕರುಳು

ಇಲಿಯ ಜಠರದಲ್ಲಿ ಎರಡು ಭಾಗಗಳಿವೆ. ಗ್ರಂಥಿಗಳಿಲ್ಲದ ಮುಂಭಾಗದಲ್ಲಿ ತಿಂದ ಆಹಾರ ಸ್ವಲ್ಪ ಕಾಲ ಶೇಖರವಾಗುತ್ತದೆ. ಹಿಂಭಾಗದ ಗ್ರಂಥಿಗಳು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಸ್ರವಿಸಿ ಆಹಾರವನ್ನು ಅರಗಿಸತೊಡಗುತ್ತವೆ. ಇಲಿಗೆ ಪಿತ್ತಕೋಶವಿಲ್ಲ, ಪಿತ್ತರಸವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಹರಿಯುತ್ತದೆ. ಸಣ್ಣ ಕರುಳು ಮತ್ತು ದೊಡ್ಡ ಕರುಳು ಕೂಡುವಲ್ಲಿ ದೊಡ್ಡದಾದ ಕುರುಡು ಕರುಳಿದೆ. ಅಲ್ಲಿನ ಸೂಕ್ಷ್ಮಜೀವಿಗಳು 'ಬಿ' ಗುಂಪಿನ ಮತ್ತು 'ಕೆ' ಜೀವಸತ್ವಗಳನ್ನು ತಯಾರಿಸುತ್ತವೆ. ಇಲಿ ತನ್ನ ಹಿಕ್ಕೆಯನ್ನೇ ತಿಂದು ಇವುಗಳನ್ನು ಮರಳಿ ಪಡೆಯುತ್ತದೆ.

ವಾಂತಿ ಮಾಡಲಾರದ ಪ್ರಾಣಿ

ನಾಯಿ, ಬೆಕ್ಕುಗಳಂತೆ ಇಲಿ ವಾಂತಿ ಮಾಡಲಾರದು. ನುಂಗಿದ್ದನ್ನು ಹೊರಹಾಕಲಾಗದ ಕಾರಣ ಅದು ಹೊಸ ಆಹಾರವನ್ನು ಅನುಮಾನಿಸುತ್ತದೆ. ಮೊದಲು ಚೂರು ಮಾತ್ರ ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಆ ರುಚಿಯನ್ನು ನೆನಪಿಟ್ಟು ಮತ್ತೆ ಮುಟ್ಟುವುದಿಲ್ಲ. ಸಿಹಿ ನೀರು ಕುಡಿದಾಗ ವಿಕಿರಣದಿಂದ ಅಸ್ವಸ್ಥವಾದ ಇಲಿಗಳು ಮುಂದೆ ಆ ನೀರನ್ನೇ ದೂರವಿಡುವುದನ್ನು ಅಮೆರಿಕದ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು 1955ರಲ್ಲಿ ತೋರಿಸಿದರು.

ಪಾಷಾಣಗಳ ಕೆಲಸ

ಜಿಂಕ್ ಫಾಸ್ಫೈಡ್ ಜಠರದ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಸಾಕಷ್ಟು ತಿಂದ ಇಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಚೂರು ತಿಂದದ್ದು ಬದುಕಿ ಪಾಷಾಣಕ್ಕೆ ಅಂಜುತ್ತದೆ. ಆದುದರಿಂದ ಮೊದಲ 2-3 ದಿನ ವಿಷವಿಲ್ಲದ ನುಚ್ಚು-ಎಣ್ಣೆಯ ತಿನಿಸನ್ನೇ ಇಟ್ಟು ರೂಢಿ ಮಾಡಿಸಬೇಕು. ಅನಂತರ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡನ್ನು ಕೋಲಿನಿಂದ ಬೆರೆಸಿ ಒಂದು ದಿನ ಮಾತ್ರ ಇಡಬೇಕು.

ಬ್ರೊಮಾಡಿಯೊಲೋನ್ ಬೇರೆ ಬಗೆಯದು. ಇದು ಯಕೃತ್ತಿನಲ್ಲಿ 'ಕೆ' ಜೀವಸತ್ವದ ಮರುಬಳಕೆಯನ್ನು ತಡೆಯುವುದರಿಂದ ರಕ್ತ ಹೆಪ್ಪುಗಟ್ಟದೆ ಒಳಗೇ ಸೋರುತ್ತದೆ. ಸಾವು ಬರಲು ಹಲವು ದಿನ ಹಿಡಿಯುವುದರಿಂದ ಇಲಿಗೆ ತಿನಿಸಿನ ಮೇಲೆ ಅನುಮಾನ ಹುಟ್ಟುವುದಿಲ್ಲ. ಆದ್ದರಿಂದ ತೆಂಗಿಗೆ ಇದೇ ಸೂಕ್ತ.

ತೋಟದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಪ್ರತಿ 5 ಮರಗಳಲ್ಲಿ ಒಂದರ ತುದಿಯಲ್ಲಿ ಶೇಕಡ 0.005ರ ಬ್ರೊಮಾಡಿಯೊಲೋನ್ 10 ಗ್ರಾಂ ಬಿಲ್ಲೆಯನ್ನು 12 ದಿನಗಳ ಅಂತರದಲ್ಲಿ ಎರಡು ಸಲ ಇಡಬೇಕು.

2. ನೆಲದಿಂದ 2 ಮೀಟರ್ ಎತ್ತರದಲ್ಲಿ ಕಾಂಡಕ್ಕೆ 40 ಸೆಂಟಿಮೀಟರ್ ಅಗಲದ ತಗಡು ಸುತ್ತಬಹುದು. ಗರಿಗಳು ಪಕ್ಕದ ಮರಕ್ಕೆ ತಾಗುವ ತೋಟದಲ್ಲಿ ಇದರಿಂದ ಪ್ರಯೋಜನವಿಲ್ಲ.

3. ಒಣಗರಿ, ಹಳೆಯ ಹೊಂಬಾಳೆಗಳನ್ನು ತೆಗೆದು ಮರದ ತುದಿಯನ್ನು ಶುಚಿಯಾಗಿಡಬೇಕು.

ಎಚ್ಚರಿಕೆ

ಕೊಬ್ಬರಿ ಅಟ್ಟದಲ್ಲಿ ಜಿಂಕ್ ಫಾಸ್ಫೈಡ್ ಇಡಲೇಬಾರದು. ಅಲ್ಲಿ ಬೋನೇ ಲೇಸು. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಬ್ರೊಮಾಡಿಯೊಲೋನ್‌ಗೆ 'ಕೆ1' ಜೀವಸತ್ವವೇ ಮದ್ದು. ಅದನ್ನು ವೈದ್ಯರೇ ಕೊಡತಕ್ಕದ್ದು. ಮಕ್ಕಳಾಗಲಿ ದೊಡ್ಡವರಾಗಲಿ ಪಾಷಾಣ ನುಂಗಿದರೆ, ಲಕ್ಷಣ ಕಾಣಲೆಂದು ಕಾಯದೆ, ಪೊಟ್ಟಣದೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸತ್ತ ಇಲಿಗಳನ್ನು ನಾಯಿ, ಬೆಕ್ಕು, ಗೂಬೆಗಳಿಗೆ ಸಿಗದಂತೆ ಆಳವಾಗಿ ಹೂಳಬೇಕು.

ಒಂದೇ ತೋಟದಲ್ಲಿ ಇಲಿ ಕೊಂದರೆ ಪಕ್ಕದ ತೋಟದವು ಬಂದು ಸೇರುತ್ತವೆ. ಆದುದರಿಂದ ಅಕ್ಕಪಕ್ಕದ ರೈತರು ಒಟ್ಟುಗೂಡಿ ಒಂದೇ ವಾರದಲ್ಲಿ ಈ ಕ್ರಮ ಕೈಗೊಳ್ಳುವುದು ಲಾಭದಾಯಕ.