ಚಿಕ್ಕಮ್ಮನ ವಿಲ್ಲೂ ನನ್ನ ಲೆಕ್ಕದ ಪುಸ್ತಕವೂ

2025ರ ಡಿಸೆಂಬರಿನಲ್ಲಿ ಸಂಸತ್ತು ಒಂದು ತಿದ್ದುಪಡಿ ಕಾಯ್ದೆ ಮಾಡಿ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ಕೈಬಿಟ್ಟಿತು. ಸುದ್ದಿ ಬಂದ ಮೇಲೆ ಮುಂಬೈಯ ನೆಂಟರು ಒಬ್ಬರಾದ ಮೇಲೊಬ್ಬರು ಫೋನು ಮಾಡಿದರು. ಎಲ್ಲರದ್ದೂ ಒಂದೇ ಪ್ರಶ್ನೆ: ‘ಇನ್ನು ಪ್ರೊಬೇಟ್ ಬೇಡವಂತೆ, ವಿಲ್ ಕಾಗದ ತೋರಿಸಿದರೆ ಮನೆ ನಮ್ಮ ಹೆಸರಿಗೆ ಆಗುತ್ತದೆಯೇ?’ ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ನಮ್ಮ ಬಳಗದಲ್ಲಿ ಪ್ರೊಬೇಟಿನ ದಾರಿಯನ್ನು ಪೂರ್ತಿ ನಡೆದವನು ನಾನೊಬ್ಬನೇ.

ಕರ್ನಾಟಕದಲ್ಲೇ ಹುಟ್ಟಿ, ಇಲ್ಲೇ ಆಸ್ತಿ ಮಾಡಿದವರಲ್ಲಿ ಬಹಳಷ್ಟು ಮಂದಿ ಈ ಪದವನ್ನೇ ಕೇಳಿರುವುದಿಲ್ಲ. ಸತ್ತವರು ಬರೆದಿಟ್ಟ ವಿಲ್ ನಿಜವಾದದ್ದು, ಅದರಲ್ಲಿ ಹೆಸರಿಸಿರುವ ಎಕ್ಸಿಕ್ಯೂಟರ್‌ಗೆ ಅದನ್ನು ಜಾರಿ ಮಾಡುವ ಅಧಿಕಾರವಿದೆ ಎಂದು ನ್ಯಾಯಾಲಯ ಮೊಹರು ಒತ್ತಿ ಕೊಡುವುದೇ ಪ್ರೊಬೇಟ್. 213ನೇ ಕಲಮಿನ ಪ್ರಕಾರ ಹಿಂದೂಗಳ ವಿಲ್ಲುಗಳಿಗೆ ಇದು ಕಡ್ಡಾಯವಾಗಿದ್ದುದು ಮುಖ್ಯವಾಗಿ ಕೋಲ್ಕತ್ತ, ಚೆನ್ನೈ, ಮುಂಬೈಗಳ ಹಳೆಯ ಹೈಕೋರ್ಟ್ ವ್ಯಾಪ್ತಿಯಲ್ಲಿ. ವಿಲ್ ಅಲ್ಲಿ ಬರೆದದ್ದಾಗಿದ್ದರೂ ಸರಿ, ಅದರಲ್ಲಿ ಅಲ್ಲಿನ ಮನೆ-ನಿವೇಶನ ಸೇರಿದ್ದರೂ ಸರಿ, ಪ್ರೊಬೇಟ್ ಬೇಕೇ ಬೇಕಿತ್ತು. ಹಾಗಾಗಿ ಹುಬ್ಬಳ್ಳಿಯ ಮನೆಗೆ ಇಲ್ಲದ ಉಪದ್ರವ ಮಾಟುಂಗಾದ ಫ್ಲ್ಯಾಟಿಗೆ ಇತ್ತು.

ನಮ್ಮ ಚಿಕ್ಕಮ್ಮನದ್ದು ಮಾಟುಂಗಾದ್ದೇ. ಅವರು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು. ಮಕ್ಕಳಿರಲಿಲ್ಲ. ಚಿಕ್ಕಪ್ಪ ಹೋದ ಮೇಲೆ ಫ್ಲ್ಯಾಟಿಗೆ ಬೀಗ ಹಾಕಿ ಮೈಸೂರಿಗೆ ಬಂದು, ಬಾಡಿಗೆ ಮನೆಯಲ್ಲಿದ್ದು ಅಲ್ಲೇ ತೀರಿಕೊಂಡರು. ಫ್ಲ್ಯಾಟು ಮಾರಿ ಬಂದ ಹಣವನ್ನು ತಂಗಿಗೂ ಗಂಡನ ಅಣ್ಣನ ಮಕ್ಕಳಿಗೂ ಹಂಚಿ, ಒಂದಿಷ್ಟು ಊರಿನ ಶಾಲೆಗೆ ಕೊಡಬೇಕು ಎಂದು ವಿಲ್ ಬರೆದು, ಜಾರಿ ಮಾಡುವ ಕೆಲಸ ನನಗೆ ಬಿಟ್ಟಿದ್ದರು. ವಿಲ್ಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಒಪ್ಪಿಕೊಳ್ಳಲೇಬೇಕೆಂದಿಲ್ಲ, ಆರಂಭದಲ್ಲೇ ‘ನನ್ನಿಂದಾಗದು’ ಎಂದು ಬರೆದುಕೊಡಬಹುದು. ನಾನು ಒಪ್ಪಿಕೊಂಡೆ.

ಅರ್ಜಿಯ ಜೊತೆ ವಿಲ್ಲಿಗೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರ ಅಫಿಡವಿಟ್ಟಾದರೂ ಬೇಕು. ಚಿಕ್ಕಮ್ಮ ತಮ್ಮ ಓರಗೆಯ ಇಬ್ಬರು ಸಹೋದ್ಯೋಗಿಗಳಿಂದ ಸಹಿ ಹಾಕಿಸಿದ್ದರು. ಒಬ್ಬರು ಅವರಿಗಿಂತ ಮೊದಲೇ ಹೋಗಿದ್ದರು. ಇನ್ನೊಬ್ಬರು ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರೂ ನೆನಪು ಗಟ್ಟಿಯಿತ್ತು. ನೋಟರಿಯನ್ನು ಅಲ್ಲಿಗೇ ಕರೆದೊಯ್ದೆವು. ಇನ್ನೊಂದು ವರ್ಷ ತಡವಾಗಿದ್ದರೆ ಸಹಿಯ ಕೈಬರಹ ಗುರುತಿಸುವವರನ್ನು ಹುಡುಕುವ ಪಾಡಾಗುತ್ತಿತ್ತು.

ಎರಡನೆಯ ತೊಡಕು ನೆಂಟರದ್ದು. ವಿಲ್ ಇರದಿದ್ದರೆ ಆಸ್ತಿ ಯಾರಿಗೆ ಸೇರುತ್ತಿತ್ತೋ ಅವರಿಗೆಲ್ಲ ನ್ಯಾಯಾಲಯದ ತಿಳಿವಳಿಕೆ ಹೋಗಬೇಕು, ಇಲ್ಲವೇ ಅವರು ಒಪ್ಪಿಗೆ ಬರೆದುಕೊಡಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಕ್ಕಳಿಲ್ಲದ ವಿಧವೆಯ ಆಸ್ತಿ ಹೋಗುವುದು ಗಂಡನ ಕಡೆಯವರಿಗೆ. ತವರಿನಿಂದ ಬಂದದ್ದು ಮಾತ್ರ ಅವಳ ತಂದೆಯ ಕಡೆಗೆ ಮರಳುತ್ತದೆ. ಹೆಂಗಸು ತಾನೇ ದುಡಿದು ಮಾಡಿದ ಆಸ್ತಿಗೂ ಇದೇ ನಿಯಮ. ಇದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಸಂಬಳ ತರುವ, ಮಕ್ಕಳಿಲ್ಲದ ಪ್ರತಿಯೊಬ್ಬ ಹೆಂಗಸೂ ವಿಲ್ ಬರೆಯಲು ಇದೊಂದೇ ಕಾರಣ ಸಾಕು. ಹೀಗಾಗಿ ಚಿಕ್ಕಪ್ಪನ ಕಡೆಯ ಎಲ್ಲರ ವಿಳಾಸ ಹುಡುಕಿ, ಸಹಿ ಪಡೆದು, ಬಾಂಬೆ ಹೈಕೋರ್ಟಿಗೆ ಅರ್ಜಿ ಹಾಕಿದೆವು. ಮಹಾರಾಷ್ಟ್ರದಲ್ಲಿ ಪ್ರೊಬೇಟಿನ ಕೋರ್ಟ್ ಶುಲ್ಕಕ್ಕೆ 75,000 ರೂಪಾಯಿಯ ಗರಿಷ್ಠ ಮಿತಿಯಿದೆ. ಮುಂಬೈಯ ಫ್ಲ್ಯಾಟಿನ ಬೆಲೆಗೆ ಆ ಮಿತಿ ಮುಟ್ಟದೆ ಇರುವುದುಂಟೆ? ಯಾರ ತಕರಾರೂ ಇಲ್ಲದಿದ್ದರೂ ಆದೇಶ ಕೈಗೆ ಬರಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಕೋರ್ಟಿನ ಕೆಲಸ ವಕೀಲರು ನೋಡಿಕೊಂಡರು. ನಿಜವಾದ ಕೆಲಸ ಇದ್ದದ್ದು ಮನೆಯಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು, ಪ್ರತಿ ಸಾಲಿಗೂ ಒಂದು ರಸೀದಿ. ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ 6 ತಿಂಗಳೊಳಗೆ ಆಸ್ತಿ-ಸಾಲಗಳ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾಖರ್ಚನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಕಾಯ್ದೆ ಹೇಳುತ್ತದೆ. ನಾನು ಪ್ರತಿ ತಿಂಗಳೂ ಆ ಪುಟಗಳ ಫೋಟೊ ತೆಗೆದು ಪಾಲುದಾರರಿಗೆಲ್ಲ ವಾಟ್ಸ್ಆ್ಯಪ್ ಮಾಡುತ್ತಿದ್ದೆ. ದುಬೈಯಲ್ಲಿದ್ದ ಸೋದರಸಂಬಂಧಿಯೊಬ್ಬ ಮೊದಮೊದಲು ಪ್ರತಿ ಸಾಲಿಗೂ ಪ್ರಶ್ನೆ ಹಾಕಿದ, ಆಮೇಲೆ ಹೆಬ್ಬೆರಳಿನ ಗುರುತು ಕಳಿಸಿ ಸುಮ್ಮನಾದ.

ಹಣ ಯಾರಿಗೆ ಮೊದಲು ಎಂಬುದಕ್ಕೂ ಕಾಯ್ದೆಯಲ್ಲಿ ಒಂದು ಸಾಲುಪಂಕ್ತಿಯಿದೆ. ನನಗೆ ಅದು ಬಹಳ ಹಿಡಿಸಿತು. ಮೊದಲು ಅಂತ್ಯಕ್ರಿಯೆಯ ಖರ್ಚು, ಕೊನೆಗಾಲದ ವೈದ್ಯರ ಶುಲ್ಕ, ಸಾವಿನ ಹಿಂದಿನ ಒಂದು ತಿಂಗಳ ಊಟ-ವಸತಿಯ ಖರ್ಚು. ಆಮೇಲೆ ಕೋರ್ಟಿನ ಖರ್ಚು. ಮೂರನೆಯದಾಗಿ ಬರುವುದು ಸಾವಿನ ಹಿಂದಿನ 3 ತಿಂಗಳಲ್ಲಿ ಸೇವೆ ಮಾಡಿದ ಕೂಲಿಯವರ, ಕುಶಲಕರ್ಮಿಗಳ, ಮನೆಗೆಲಸದವರ ಬಾಕಿ ಸಂಬಳ. ಉಳಿದ ಸಾಲಗಳು ಅದರ ನಂತರ. ಪಾಲುದಾರರು ಎಲ್ಲಕ್ಕಿಂತ ಹಿಂದೆ. ಕೈಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತರೂ, ಪಾತ್ರೆ ತೊಳೆದವಳ ಬಾಕಿ ತೀರುವವರೆಗೆ ಅವರು ಕಾಯಬೇಕು. 1925ರಲ್ಲಿ ಹೀಗೆ ಬರೆದವರಿಗೆ ನಮಸ್ಕಾರ. ಚಿಕ್ಕಮ್ಮನ ಮನೆಗೆಲಸದಾಕೆಗೆ ಎರಡು ತಿಂಗಳ ಸಂಬಳ ಬಾಕಿಯಿತ್ತು. ಪುಸ್ತಕದ ಬಲಪುಟದ ಮೊದಲ ಸಾಲುಗಳಲ್ಲಿ ಅದಿದೆ.

ವೈಕುಂಠ ಸಮಾರಾಧನೆಯ ಊಟದ ಬಿಲ್ಲಿನ ಬಗ್ಗೆ ಚರ್ಚೆಯಾಯಿತು. ಅದೂ ಅಂತ್ಯಕ್ರಿಯೆಯ ಖರ್ಚೇ ಎಂಬುದು ಒಬ್ಬರ ವಾದ. ಸತ್ತವರ ಅಂತಸ್ತಿಗೆ ತಕ್ಕಷ್ಟು, ಹಿತಮಿತವಾದ ಖರ್ಚು ಎಂದಷ್ಟೇ ಕಾಯ್ದೆಯಲ್ಲಿದೆ. ಹೋಳಿಗೆ ಎಷ್ಟು ಬಡಿಸಬಹುದೆಂದು ಅದರಲ್ಲಿ ಇಲ್ಲ. ಕೊನೆಗೆ ಆ ಬಿಲ್ಲನ್ನು ನಾವೆಲ್ಲ ಕೈಯಿಂದ ಹಂಚಿಕೊಂಡೆವು. ಅನುಮಾನವಿರುವ ಖರ್ಚನ್ನು ಸತ್ತವರ ಲೆಕ್ಕಕ್ಕೆ ಬರೆಯದಿರುವುದೇ ಲೇಸು.

ಪಾಲಿಗೆ ಅವಸರ ಮಾಡುವವರು ಇದ್ದೇ ಇರುತ್ತಾರೆ. ಸತ್ತ ದಿನದಿಂದ ಒಂದು ವರ್ಷ ಕಳೆಯುವವರೆಗೆ ಪಾಲು ಕೊಟ್ಟುಬಿಡಬೇಕೆಂಬ ಬಲವಂತ ಎಕ್ಸಿಕ್ಯೂಟರ್ ಮೇಲಿಲ್ಲ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಬೇಕು. ಸತ್ತವರ ಖಾತೆಯನ್ನು ಮುಚ್ಚಲೂ ಅವಸರ ಬೇಡ. ಕಾಗದ ತಲುಪುವವರೆಗೆ ಪಿಂಚಣಿ ಜಮೆಯಾಗುತ್ತಲೇ ಇರುತ್ತದೆ, ಹೆಚ್ಚುವರಿಯಾಗಿ ಬಂದದ್ದನ್ನು ಹಿಂದಿರುಗಿಸಬೇಕಾಗುತ್ತದೆ. ಹಾಗೆಂದು ಅವರ ಎಟಿಎಂ ಕಾರ್ಡಿನಿಂದ ‘ಸದ್ಯದ ಖರ್ಚಿಗೆ’ ಎಂದು ಹಣ ತೆಗೆದೀರಿ ಜೋಕೆ. ಪಾಸ್‌ವರ್ಡು ಗೊತ್ತಿದ್ದರೆ ಅಧಿಕಾರ ಬಂದಂತಲ್ಲ.

ತೆರಿಗೆಯ ಲೆಕ್ಕ ಎರಡಾಗಿ ಒಡೆಯುತ್ತದೆ. ಏಪ್ರಿಲ್ 1ರಿಂದ ಸಾವಿನ ದಿನದವರೆಗಿನ ಆದಾಯ ಸತ್ತವರದ್ದು, ಅವರ ಪ್ಯಾನ್‌ನಲ್ಲಿ ಪ್ರತಿನಿಧಿಯಾಗಿ ರಿಟರ್ನ್ ಸಲ್ಲಿಸಬೇಕು. ಆಮೇಲಿನ ಬಡ್ಡಿ, ಬಾಡಿಗೆ ಎಲ್ಲ ಹಂಚಿಕೆಯಾಗುವವರೆಗೆ ಎಸ್ಟೇಟಿನ ಆದಾಯ. ಎಸ್ಟೇಟ್ ತೆರಿಗೆ ನಮ್ಮಲ್ಲಿ 1985ರಲ್ಲೇ ರದ್ದಾಗಿದೆ. ಆದ್ದರಿಂದ ಆಸ್ತಿ ಬಂದದ್ದಕ್ಕೆ ತೆರಿಗೆಯಿಲ್ಲ, ಅದನ್ನು ಮಾರಿದರೆ ಲಾಭಕ್ಕೆ ಇದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಫ್ಲ್ಯಾಟಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. ನಾವು ಮೌಲ್ಯಮಾಪಕರಿಂದ ವರದಿ ಮಾಡಿಸಿದೆವು, ಅದಕ್ಕೆ ಕೊಟ್ಟ ಫೀಜು ಸಾರ್ಥಕವಾಯಿತು.

ಬ್ಯಾಂಕಿನ ಮಟ್ಟಿಗೆ ಕಾಲ ಸುಧಾರಿಸಿದೆ. ನಾಮಿನಿ ಇದ್ದಲ್ಲಿ ಪ್ರೊಬೇಟನ್ನಾಗಲಿ ಉತ್ತರಾಧಿಕಾರ ಪ್ರಮಾಣಪತ್ರವನ್ನಾಗಲಿ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನ ನಿರ್ದೇಶನದಲ್ಲಿ ಹೇಳಿದೆ. ನಾಮಿನಿ ಇಲ್ಲದ ಖಾತೆಗೂ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನವಿದೆ. ಕಾಗದಪತ್ರ ಪೂರ್ತಿ ಕೊಟ್ಟ 15 ದಿನದಲ್ಲಿ ಇತ್ಯರ್ಥವಾಗಬೇಕು, ತಡವಾದರೆ ಬ್ಯಾಂಕೇ ಬಡ್ಡಿ ಕಟ್ಟಿಕೊಡಬೇಕು. ಆದರೆ ಠೇವಣಿಯ ನಾಮಿನಿ ಹಣ ಪಡೆಯುವವನೇ ಹೊರತು ಅದರ ಒಡೆಯನಲ್ಲ. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿದೆ.

ಫೋನು ಮಾಡಿದ ನೆಂಟರಿಗೆ ನಾನು ಹೇಳಿದ್ದು ಇಷ್ಟು: ಕಡ್ಡಾಯ ಹೋಗಿದೆ, ಪ್ರೊಬೇಟ್ ಹೋಗಿಲ್ಲ. ಪಾಲುದಾರರಲ್ಲಿ ಮನಸ್ತಾಪದ ವಾಸನೆಯಿದ್ದರೆ, ಮನೆ ಕೊಳ್ಳುವವರ ವಕೀಲರು ಒಪ್ಪದಿದ್ದರೆ, ಈಗಲೂ ಅರ್ಜಿ ಹಾಕಿ ಪಡೆಯಬಹುದು. ಎಲ್ಲರೂ ಒಮ್ಮನಸ್ಸಿನವರಾದರೆ ಆ ಖರ್ಚು, ಆ ಕಾಯುವಿಕೆ ಉಳಿಯಿತು. ಆದರೆ ನ್ಯಾಯಾಲಯ ಎಲ್ಲರಿಗೂ ತಿಳಿಸು, ಪಟ್ಟಿ ಮಾಡು, ಲೆಕ್ಕ ಕೊಡು ಎಂದು ಹೇಳಿ ಮಾಡಿಸುತ್ತಿದ್ದ ಕೆಲಸವನ್ನು ಈಗ ಯಾರೂ ಹೇಳದೆಯೇ ಮಾಡಬೇಕು. ಪ್ರೊಬೇಟ್ ಬೇಡವೆಂದು ಪುಸ್ತಕವನ್ನೂ ಬಿಟ್ಟರೆ ಆ ವಿಲ್ ಮುಂದೊಂದು ದಿನ ಸಿವಿಲ್ ದಾವೆಯಾಗಿ ಕೋರ್ಟಿಗೇ ಹೋಗುತ್ತದೆ.

ವಿಲ್ ಬರೆಯುವವರಲ್ಲಿ ಒಂದು ಕೋರಿಕೆ. ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಬಿಳಿ ಹಾಳೆ ಸಾಕು. ಆದರೆ ಇಬ್ಬರು ಸಾಕ್ಷಿಗಳು ನಿಮಗಿಂತ ಕಿರಿಯರಿರಲಿ. ಎಕ್ಸಿಕ್ಯೂಟರ್ ಎಂದು ಯಾರ ಹೆಸರು ಬರೆಯುತ್ತೀರೋ ಅವರನ್ನು ಬರೆಯುವ ಮೊದಲೇ ಒಂದು ಮಾತು ಕೇಳಿ.