ಹೊಟ್ಟೆಯ ಹುಣ್ಣಿಗೆ ಅತಿಮಧುರವೂ ಬಾಳೆಕಾಯಿಯೂ

ಊಟವಾದ ಕೆಲವು ಗಂಟೆಗಳ ಬಳಿಕ ಅಥವಾ ನಡುರಾತ್ರಿಯಲ್ಲಿ ಎದೆಗೂಡಿನ ಕೆಳಗೆ ಸುಟ್ಟಂತೆ ನೋವು ಬರುವುದು ಜಠರದ ಹುಣ್ಣಿನ ಸಾಮಾನ್ಯ ಲಕ್ಷಣವು. ಜಠರದ ಆಮ್ಲವು ಬಹು ತೀಕ್ಷ್ಣವಾದುದು; ಒಳಗೋಡೆಯ ಮೇಲಿನ ಲೋಳೆಯ ಪದರವು ಅದರಿಂದ ಆ ಗೋಡೆಯನ್ನು ಕಾಪಾಡುತ್ತದೆ. ಈ ಪದರವು ಕೆಟ್ಟಲ್ಲಿ ಹುಣ್ಣು ಉಂಟಾಗುವುದು. ಖಾರವೂ ಚಿಂತೆಯೂ ಇದಕ್ಕೆ ಮೂಲವೆಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯಾ ದೇಶದ ಪರ್ತ್ ನಗರದಲ್ಲಿ ಮಾರ್ಷಲ್ ಮತ್ತು ವಾರನ್ ಎಂಬ ವೈದ್ಯರು, ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯೇ ಬಹುಮಟ್ಟಿಗೆ ಇದಕ್ಕೆ ಕಾರಣವೆಂಬುದರ ಸುಳಿವನ್ನು ಕಂಡರು. ಇದಕ್ಕಾಗಿ 2005ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. ಕೀಲುನೋವಿಗೆಂದು ನಿತ್ಯವೂ ನುಂಗುವ ಆಸ್ಪಿರಿನ್ ಮೊದಲಾದ ಮಾತ್ರೆಗಳು ಎರಡನೆಯ ಕಾರಣವು.

ಅತಿಮಧುರದ ಬೇರು ನಮ್ಮ ವೈದ್ಯರಿಗೆ ಪುರಾತನ ಕಾಲದಿಂದಲೂ ಪರಿಚಿತವಾದುದು. 1946ರಲ್ಲಿ ಹಾಲೆಂಡಿನ ರೆವೆರ್ಸ್ ಎಂಬ ವೈದ್ಯರು ಇದರ ಸಾರದಿಂದ ಜಠರದ ಹುಣ್ಣು ಗುಣವಾಗುವುದನ್ನು ವರದಿ ಮಾಡಿದರು. ಆದರೆ ರೋಗಿಗಳಲ್ಲಿ ಕೆಲವರಿಗೆ ಮುಖವೂ ಕೈಕಾಲುಗಳೂ ಊದಿಕೊಂಡವು. ಬೇರಿಗೆ ಸಿಹಿಯನ್ನು ಕೊಡುವ ಪದಾರ್ಥವೇ ದೇಹದಲ್ಲಿ ಉಪ್ಪನ್ನೂ ನೀರನ್ನೂ ನಿಲ್ಲಿಸಿ ರಕ್ತದ ಒತ್ತಡವನ್ನು ಏರಿಸುವುದೆಂದು ಮುಂದೆ ತಿಳಿದುಬಂದಿತು. ಆದಕಾರಣ ರಕ್ತದ ಒತ್ತಡವುಳ್ಳವರು, ಹೃದಯ ಅಥವಾ ಮೂತ್ರಪಿಂಡದ ರೋಗಿಗಳು, ಗರ್ಭಿಣಿಯರು ಇದನ್ನು ಸೇವಿಸತಕ್ಕುದಲ್ಲ; ಉಳಿದವರೂ ವೈದ್ಯರನ್ನು ಕೇಳದೆ ವಾರಗಟ್ಟಲೆ ಸೇವಿಸಬಾರದು.

ಬೇಲಿಯಲ್ಲಿ ಹಬ್ಬುವ ಗುಲಗಂಜಿ ಬಳ್ಳಿಯ ಬೇರನ್ನು ಅತಿಮಧುರಕ್ಕೆ ಬದಲಾಗಿ ಉಪಯೋಗಿಸುವ ರೂಢಿಯುಂಟು. ಇದು ಬಹು ಅಪಾಯಕರವಾದುದು. ಗುಲಗಂಜಿಯ ಬೀಜವು ಘೋರ ವಿಷವು. ಬೇರು ಅಗೆಯುವ ಮನೆಯಲ್ಲಿ ಆ ಕೆಂಪು ಬೀಜಗಳನ್ನು ಮಕ್ಕಳು ಅಗಿದಲ್ಲಿ ಪ್ರಾಣಹಾನಿಯೂ ಆಗಬಹುದು. ನಿಜವಾದ ಅತಿಮಧುರದ ಬೇರು ಹೊರಗೆ ಕಂದಾಗಿಯೂ ಮುರಿದಲ್ಲಿ ಹಳದಿಯಾಗಿ ನಾರುನಾರಾಗಿಯೂ ಇರುತ್ತದೆ. ಕೇವಲ ಸಿಹಿರುಚಿಯನ್ನು ನಂಬಿ ಬೇರನ್ನು ಕೊಳ್ಳತಕ್ಕುದಲ್ಲ.

ತೋಟದವರ ಕೈಯಲ್ಲಿಯೇ ಇರುವ ವಸ್ತುವೆಂದರೆ ಬಾಳೆಕಾಯಿ. ಪಲ್ಯಕ್ಕೆ ಬಳಸುವ ಜಾತಿಯ ಹಸಿಕಾಯಿಯ ಪುಡಿಯನ್ನು ತಿನ್ನಿಸಿದ ಇಲಿಗಳಲ್ಲಿ ಆಸ್ಪಿರಿನ್ನಿನಿಂದಾಗುವ ಹುಣ್ಣು ತಡೆಯಲ್ಪಟ್ಟುದಲ್ಲದೆ, ಆಗಿದ್ದ ಹುಣ್ಣೂ ಮಾಗಿತೆಂದು 1984ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ಹಣ್ಣಾಗಿ ತಿನ್ನುವ ಜಾತಿಯ ಬಾಳೆಯಲ್ಲಿ ಈ ಗುಣವು ಕಾಣಲಿಲ್ಲ. ಪುಡಿಯನ್ನು ಮಾಡಲು, ಬಲಿತಿದ್ದರೂ ಹಸಿರಾಗಿಯೇ ಇರುವ ಕಾಯಿಯನ್ನು ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಧೂಳು ಬೀಳದಂತೆ ಬಟ್ಟೆ ಮುಚ್ಚಿ ಒಣಗಿಸಿ, ಕುಟ್ಟಿ ಜರಡಿ ಹಿಡಿಯಬೇಕು. ತೇವ ಉಳಿದಲ್ಲಿ ಬೂಷ್ಟು ಹಿಡಿಯುವುದು. ಇಲಿಯಲ್ಲಿ ಕಂಡುದೆಲ್ಲ ಮನುಷ್ಯರಲ್ಲಿಯೂ ಆಗಿಯೇ ತೀರುವುದೆಂದು ಭಾವಿಸಲಾಗದು. ಇದನ್ನು ಆಹಾರವಾಗಿ ಸೇವಿಸಬಹುದೇ ಹೊರತು ಚಿಕಿತ್ಸೆಗೆ ಬದಲಾಗಿ ಅಲ್ಲ. ಸೂಕ್ಷ್ಮಜೀವಿಯಿಂದಾದ ಹುಣ್ಣಿಗೆ ವೈದ್ಯರು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಗಳ ಔಷಧಿಯನ್ನು ಕೊಡುತ್ತಾರೆ. ನೋವು ನಿಂತಿತೆಂದು ಅದನ್ನು ಅರ್ಧಕ್ಕೆ ಬಿಟ್ಟವರಲ್ಲಿ ರೋಗವು ಮರುಕಳಿಸುವುದುಂಟು.

ರೋಗಿಯ ಮಲವು ಡಾಂಬರಿನಂತೆ ಕಪ್ಪಾಗಿ ಅಂಟಾಗಿದ್ದಲ್ಲಿ, ಅಥವಾ ವಾಂತಿಯಲ್ಲಿ ರಕ್ತವಾಗಲಿ ಕಾಫಿಪುಡಿಯಂತಹ ಚೂರುಗಳಾಗಲಿ ಕಂಡಲ್ಲಿ, ಹುಣ್ಣಿನಿಂದ ರಕ್ತವು ಸುರಿಯುತ್ತಿದೆಯೆಂದು ಭಾವಿಸಬೇಕು. ಆಗ ಕಷಾಯ ಕಾಯಿಸುತ್ತ ಕೂರದೆ, ಗ್ರಾಮದ ಮುಖಂಡರು ಸಿಕ್ಕಿದ ವಾಹನವನ್ನು ಒದಗಿಸಿ ರೋಗಿಯನ್ನು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕಳುಹಿಸತಕ್ಕದ್ದು.